ಹತ್ತು ವರ್ಷ ಬೆಳೆಸಿ, ಇಪ್ಪತ್ತೈದು ದಿನ ಮಾರುವ ಮರ

ಹೊಸ ಬೆಳೆಯ ಲಾಭ ಹೇಳುವ ವಿಡಿಯೊಗಳು ನಿಮ್ಮ ಮೊಬೈಲಿಗೂ ಬರುತ್ತಿರಬೇಕು. ಶ್ರೀಗಂಧ, ಮಹಾಗನಿ, ಅಗರ್, ಡ್ರ್ಯಾಗನ್ ಫ್ರೂಟ್. ಎಕರೆಗೆ ಇಷ್ಟು ಗಿಡ, ಗಿಡಕ್ಕೆ ಇಷ್ಟು ರೂಪಾಯಿ, ಗುಣಿಸಿದರೆ ಕೋಟಿ. ಗುಣಾಕಾರ ತಪ್ಪಿರುವುದಿಲ್ಲ. ಆದರೆ ನೆಟ್ಟ ದಿನಕ್ಕೂ ಮಾರುವ ದಿನಕ್ಕೂ ನಡುವೆ ಏನೇನು ನಡೆಯುತ್ತದೆ ಎನ್ನುವುದನ್ನು ವಿಡಿಯೊದಲ್ಲಿ ಯಾರೂ ಹೇಳುವುದಿಲ್ಲ.

ಹಾಗಾಗಿ ಈ ಸಲ ನಾವು ನಮ್ಮ ಕಡೆಯ ಬೆಳೆ ಬಿಟ್ಟು ದೂರದ ಒಂದು ಬೆಳೆಯ ಕಥೆ ತೆಗೆದುಕೊಂಡಿದ್ದೇವೆ: ಅಮೆರಿಕದ ಕ್ರಿಸ್‌ಮಸ್ ಮರ. ಅದನ್ನು ಮಾರಲು ಶುರು ಮಾಡಿ 170 ವರ್ಷ ದಾಟಿತು, ಹೊಲದಲ್ಲಿ ಬೆಳೆಯಲು ಶುರು ಮಾಡಿ 120 ವರ್ಷದ ಮೇಲಾಯಿತು. ಅಷ್ಟು ಹಳೆಯ ಬೆಳೆಯಾದ್ದರಿಂದ ಗೆದ್ದವರ ಲೆಕ್ಕವೂ ಸೋತವರ ಲೆಕ್ಕವೂ ಸಿಗುತ್ತದೆ.

ಮೊದಲು ಮರದ ವಿಷಯ. ಕ್ರಿಸ್‌ಮಸ್ ಹೊತ್ತಿಗೆ ಮನೆಯೊಳಗೆ ಹಸಿರು ಮರ ನಿಲ್ಲಿಸಿ ಸಿಂಗರಿಸುವುದು ಜರ್ಮನ್ ಜನರ ಪದ್ಧತಿ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಜರ್ಮನಿಯವನು. 1848ರಲ್ಲಿ ಲಂಡನ್ನಿನ ಒಂದು ಸಚಿತ್ರ ಪತ್ರಿಕೆ, ರಾಜಮನೆತನ ಇಂಥ ಮರದ ಸುತ್ತ ನಿಂತ ಚಿತ್ರ ಅಚ್ಚು ಹಾಕಿತು. ಎರಡು ವರ್ಷದ ನಂತರ ಫಿಲಡೆಲ್ಫಿಯಾದ ಮಹಿಳಾ ಪತ್ರಿಕೆಯೊಂದು ಅದೇ ಚಿತ್ರವನ್ನು ತೆಗೆದುಕೊಂಡು, ರಾಣಿಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿ, ಅಮೆರಿಕದ ಕುಟುಂಬದಂತೆ ಕಾಣುವ ಹಾಗೆ ಮಾಡಿ ಪ್ರಕಟಿಸಿತು. ಫೋಟೊಶಾಪ್ ಇಲ್ಲದ ಕಾಲದಲ್ಲೂ ಪತ್ರಿಕೆಯವರು ಪತ್ರಿಕೆಯವರೇ! ಪಟ್ಟಣದ ಮನೆಗಳಿಗೆ ಆಸೆ ಹುಟ್ಟಿತು. ಆದರೆ ಪಟ್ಟಣದಲ್ಲಿ ಮರ ಎಲ್ಲಿಂದ ಬರಬೇಕು?

ಇಲ್ಲಿ ಮಾರ್ಕ್ ಕಾರ್ ಬರುತ್ತಾನೆ. ನ್ಯೂಯಾರ್ಕಿನ ಉತ್ತರಕ್ಕಿರುವ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಮರ ಕಡಿದು ಬದುಕುತ್ತಿದ್ದವನು. 1851ರ ಡಿಸೆಂಬರಿನಲ್ಲಿ ಎತ್ತು ಎಳೆಯುವ ಎರಡು ಜಾರುಬಂಡಿಗಳಲ್ಲಿ ಎಳೆಯ ಮರಗಳನ್ನು ತುಂಬಿಕೊಂಡು ನ್ಯೂಯಾರ್ಕಿನ ವಾಷಿಂಗ್ಟನ್ ಮಾರುಕಟ್ಟೆಗೆ ಬಂದ. ಒಂದು ಡಾಲರ್ ಕೊಟ್ಟು ಫುಟ್‌ಪಾತಿನ ತುಂಡು ಬಾಡಿಗೆಗೆ ಹಿಡಿದ. ತಂದದ್ದೆಲ್ಲ ಖಾಲಿಯಾಯಿತು. ಮರುವರ್ಷ ಬಂದರೆ ಅದೇ ಜಾಗದ ಬಾಡಿಗೆ 100 ಡಾಲರ್ ಆಗಿತ್ತಂತೆ. ಈ ಕಥೆಗೆ ಹೇಳುತ್ತಾ ಹೇಳುತ್ತಾ ಸ್ವಲ್ಪ ಬಣ್ಣ ಸೇರಿರಬಹುದು. ಆದರೂ ಸಂತೆಯಲ್ಲಿ ಜಾಗದ ಸುಂಕ ಕೊಟ್ಟವರಿಗೆ ಇದು ಸುಳ್ಳು ಅನ್ನಿಸಲಿಕ್ಕಿಲ್ಲ. ಮರಕ್ಕೆ ಗಿರಾಕಿ ಇದೆ ಎಂದು ತೋರಿಸಿಕೊಟ್ಟವನು ಕಾರ್. ಆ ಲಾಭದ ವಾಸನೆ ಮೊದಲು ಹಿಡಿದವನು ಜಾಗದ ಮಾಲೀಕ.

ಗಮನಿಸಿ, ಕಾರ್ ಮರ ಬೆಳೆಸಲಿಲ್ಲ. ಕಾಡಿನಿಂದ ಕಡಿದು ತಂದ. ಮುಂದಿನ 50 ವರ್ಷ ಎಲ್ಲರೂ ಮಾಡಿದ್ದು ಅದನ್ನೇ. ಖರ್ಚೆಂದರೆ ಕಡಿಯುವ ಕೂಲಿ ಮತ್ತು ಸಾಗಣೆ, ಅಷ್ಟೆ. ಆದರೆ ಸಾಗಣೆ ಸಣ್ಣ ಮಾತಲ್ಲ. ಅದಕ್ಕೆ ಬೆಲೆ ತೆತ್ತ ಒಂದು ಕುಟುಂಬದ ಕಥೆ ಹೇಳಲೇಬೇಕು.

ಷಿಕಾಗೊ ನಗರದ ಪಕ್ಕದಲ್ಲಿ ಸಮುದ್ರದಂಥ ಮಿಷಿಗನ್ ಸರೋವರ ಇದೆ. ಅದರ ಉತ್ತರದ ದಡದ ಕಾಡಿನಲ್ಲಿ ಮರ ಕಡಿದು, ಹಾಯಿ ಹಡಗಿಗೆ ತುಂಬಿ, ನವೆಂಬರ್ ಕೊನೆಗೆ ಷಿಕಾಗೊದ ಕ್ಲಾರ್ಕ್ ಸ್ಟ್ರೀಟ್ ಸೇತುವೆ ಬಳಿ ಕಟ್ಟಿ ನಿಲ್ಲಿಸಿ, ಹಡಗಿನ ಮೇಲಿಂದಲೇ ಮಾರುವ ವ್ಯಾಪಾರ ಇತ್ತು. ದಲ್ಲಾಳಿ ಇಲ್ಲ, ಮಳಿಗೆಯ ಬಾಡಿಗೆ ಇಲ್ಲ. ಜನ ಹಡಗು ಹತ್ತಿ ತಮಗೆ ಬೇಕಾದ ಮರ ಆರಿಸಿಕೊಳ್ಳುತ್ತಿದ್ದರು. ಶೂನೆಮನ್ ಎಂಬ ಅಣ್ಣತಮ್ಮಂದಿರು ಈ ವ್ಯಾಪಾರದಲ್ಲಿ ಹೆಸರಾದವರು. 1898ರ ನವೆಂಬರಿನ ಬಿರುಗಾಳಿಯಲ್ಲಿ ಅಣ್ಣ ಆಗಸ್ಟ್ ಮರ ತುಂಬಿದ ಹಡಗಿನ ಜೊತೆ ಮುಳುಗಿದ. ತಮ್ಮ ಹರ್ಮನ್ ವ್ಯಾಪಾರ ಬಿಡಲಿಲ್ಲ. 1912ರ ನವೆಂಬರ್ 23ರಂದು ಅವನ ಹಡಗು ‘ರೌಸ್ ಸಿಮನ್ಸ್’ ಕೂಡ, ಸಾವಿರಾರು ಮರಗಳ ಸಮೇತ, ಒಬ್ಬರೂ ಉಳಿಯದಂತೆ ಮುಳುಗಿತು. ಹಡಗಿಗೆ ಆಗಲೇ 44 ವರ್ಷ ವಯಸ್ಸಾಗಿತ್ತು.

ನವೆಂಬರ್ ಆ ಸರೋವರದಲ್ಲಿ ಅತಿ ಕೆಟ್ಟ ತಿಂಗಳು. ಅದು ಹರ್ಮನ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಸರಕಿಗೆ ಬೇರೆ ತಿಂಗಳೇ ಇಲ್ಲ. ಬೇಗ ಕಡಿದರೆ ಎಲೆ ಉದುರುತ್ತದೆ, ತಡವಾಗಿ ತಲುಪಿದರೆ ಹಬ್ಬ ಮುಗಿದಿರುತ್ತದೆ. ಅವನ ಹೆಂಡತಿ ಬಾರ್ಬರಾ ಮತ್ತು ಹೆಣ್ಣುಮಕ್ಕಳು ಆಮೇಲೂ ಎಷ್ಟೋ ವರ್ಷ ಷಿಕಾಗೊದಲ್ಲಿ ಮರ ಮಾರಿದರು. 1924ರಲ್ಲಿ ಮೀನುಗಾರರ ಬಲೆಗೆ ಹರ್ಮನ್‌ನ ಪಾಕೀಟು ಸಿಕ್ಕಿತು. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಅದು ಹಾಳಾಗಿರಲಿಲ್ಲ. ಹಡಗು ಸಿಕ್ಕಿದ್ದು 1971ರಲ್ಲಿ, ಅದರ ಹೊಟ್ಟೆಯಲ್ಲಿ ಮರಗಳು ಇನ್ನೂ ಇದ್ದವು.

ಕಾಡು ಕಡಿಯುವುದು ಬಿಟ್ಟು ಹೊಲದಲ್ಲಿ ಬೆಳೆಯಬಹುದು ಎಂದು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದವನು ಡಬ್ಲ್ಯು. ವಿ. ಮೆಕ್‌ಗ್ಯಾಲಿಯರ್ಡ್ ಎಂದು ಹೇಳುತ್ತಾರೆ. 1901ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ಊರಿನ ಹತ್ತಿರ ತನ್ನ ಜಮೀನಿನಲ್ಲಿ 25,000 ನಾರ್ವೆ ಸ್ಪ್ರೂಸ್ ಸಸಿ ನೆಟ್ಟ. ಸಸಿ ಮನುಷ್ಯನೆತ್ತರಕ್ಕೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕೈಗೆ ಒಂದು ಕಾಸೂ ಬರುವುದಿಲ್ಲ. ಕಾಡಿನಲ್ಲಿ ಪುಕ್ಕಟೆ ಸಿಗುವಾಗ ಇದನ್ನು ಯಾಕೆ ಬೆಳೆಯಬೇಕು ಎಂದು ಉಳಿದ ರೈತರು ಕೇಳಿದ್ದರೆ ತಪ್ಪೇನಿಲ್ಲ. 1930, 40ರ ದಶಕದವರೆಗೂ ಅಲ್ಲಿನ ಹೆಚ್ಚಿನ ಜನ ಕಾಡಿನ ಮರವನ್ನೇ ತರುತ್ತಿದ್ದರು.

ಆ ಕಾಲದಲ್ಲಿ ಈ ಬೆಳೆ ಬೆಳೆದ ಒಬ್ಬ ರೈತ ನಿಮಗೂ ಗೊತ್ತು. ಹೆಸರು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್. ಅಮೆರಿಕದ ಅಧ್ಯಕ್ಷ. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನ ತನ್ನ ಜಮೀನಿನಲ್ಲಿ 1920ರ ದಶಕದಿಂದಲೇ ಕ್ರಿಸ್‌ಮಸ್ ಮರ ನೆಡಿಸಿದ. ಯುದ್ಧದ ನಡುವೆಯೂ ಮರ ಎಷ್ಟು ಹೋಯಿತು, ಎಷ್ಟಕ್ಕೆ ಹೋಯಿತು ಎಂದು ವಿಚಾರಿಸುತ್ತಿದ್ದ. ಮತ ಹಾಕಲು ಹೋದಾಗ ಉದ್ಯೋಗ ಏನೆಂದು ಕೇಳಿದರೆ ‘ಮರ ಬೆಳೆಗಾರ’ ಎನ್ನುತ್ತಿದ್ದ. ಆದರೆ ರೂಸ್‌ವೆಲ್ಟನ ಮನೆ ಮರದ ಹಣದಿಂದ ನಡೆಯುತ್ತಿರಲಿಲ್ಲ. ಹತ್ತು ವರ್ಷ ಕಾಯಲು ಅವನಿಗೆ ಕಷ್ಟವಿರಲಿಲ್ಲ. ಈ ಬೆಳೆಯ ಚರಿತ್ರೆಯಲ್ಲಿ ಇಂಥವರು ಮತ್ತೆ ಮತ್ತೆ ಸಿಗುತ್ತಾರೆ: ಬೇರೆ ಆದಾಯ ಇದ್ದು, ಪಾಳು ಜಮೀನಿಗೆ ಮರ ಹಾಕಿದವರು. ಲಾಭದ ಕಥೆ ಹೇಳುವವರೂ ಹೆಚ್ಚಾಗಿ ಇವರೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ದೃಶ್ಯ ಬದಲಾಯಿತು. ಪಟ್ಟಣಗಳು ಬೆಳೆದವು, ಜನರ ಕೈಯಲ್ಲಿ ದುಡ್ಡು ಓಡಾಡಿತು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಡಿಯಾನಾ ಎಂಬ ಜಿಲ್ಲೆ ಇದೆ, ಕಲ್ಲಿದ್ದಲಿನ ಸೀಮೆ. 1950ರ ದಶಕದಲ್ಲಿ ಅಲ್ಲಿಂದ ವರ್ಷಕ್ಕೆ ಲಕ್ಷಗಟ್ಟಲೆ ಮರ ಹೊರಹೋಗುತ್ತಿತ್ತು. ಊರವರು ತಮ್ಮ ಜಿಲ್ಲೆಯನ್ನು ‘ಜಗತ್ತಿನ ಕ್ರಿಸ್‌ಮಸ್ ಮರದ ರಾಜಧಾನಿ’ ಎಂದು ಕರೆದುಕೊಂಡರು. ಮರ ಸವರುವ ಕೆಲಸ ರೂಢಿಗೆ ಬಂದದ್ದೂ ಆ ದಶಕದಲ್ಲೇ. ಅಲ್ಲಿಯವರೆಗೆ ಮರ ಹೇಗೆ ಬೆಳೆದರೆ ಹಾಗೆ. ಸವರುವುದು ಶುರುವಾದ ಮೇಲೆ ಗೋಪುರದ ಹಾಗೆ ಒತ್ತಾಗಿ ಬೆಳೆದ ಮರವೇ ಗಿರಾಕಿಗೆ ಬೇಕಾಯಿತು. ಕಾಡಿನ ಬಡಕಲು ಮರ ಕೇಳುವವರಿಲ್ಲದಾಯಿತು. ಬೆಳೆಗಾರನಿಗೆ ಇದು ಗೆಲುವು, ಆದರೆ ಜೊತೆಗೇ ಕೆಲಸವೂ ಬಂತು. ಪ್ರತಿ ಬೇಸಿಗೆ ಪ್ರತಿ ಮರದ ಸುತ್ತ ಉದ್ದನೆಯ ಕತ್ತಿ ಬೀಸುತ್ತಾ ತಿರುಗಬೇಕು. ಕಾಲಿಗೆ ಕತ್ತಿ ಬೀಳದಂತೆ ಕವಚ ಕಟ್ಟಿಕೊಳ್ಳಬೇಕು. ಒಂದು ವರ್ಷ ಬಿಟ್ಟರೆ ಮರದ ರೂಪ ಕೆಡುತ್ತದೆ. ನೆಟ್ಟು ಮರೆತುಬಿಡುವ ಬೆಳೆ ಎಂದು ಇದನ್ನು ಕರೆದವರು ಸವರಿದವರಲ್ಲ.

ಈಗ ಮರದ ರಾಣಿ ಎನ್ನಿಸಿಕೊಂಡಿರುವುದು ಫ್ರೇಸರ್ ಫರ್. ಸ್ಕಾಟ್‌ಲೆಂಡಿನ ಸಸ್ಯಶಾಸ್ತ್ರಿ ಜಾನ್ ಫ್ರೇಸರ್‌ನ ಹೆಸರು ಹೊತ್ತ ಮರ. ಅಪಲೇಚಿಯನ್ ಬೆಟ್ಟಸಾಲಿನ ದಕ್ಷಿಣದ ತುತ್ತತುದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಕಡಿದ ಮೇಲೂ ವಾರಗಟ್ಟಲೆ ಎಲೆ ಉದುರಿಸುವುದಿಲ್ಲ, ಒಳ್ಳೆಯ ಪರಿಮಳ, ಅಲಂಕಾರ ತೂಗುಹಾಕಲು ಗಟ್ಟಿ ಕೊಂಬೆ. ನಾರ್ತ್ ಕೆರೊಲಿನಾ ರಾಜ್ಯದ ಬೆಟ್ಟದ ಜಿಲ್ಲೆಗಳ ಸಣ್ಣ ರೈತರು, ತಂಬಾಕು, ಎಲೆಕೋಸು ಬೆಳೆಯುತ್ತಿದ್ದವರು, 1950, 60ರ ದಶಕದಿಂದ ಇದಕ್ಕೆ ತಿರುಗಿದರು. ಇಳಿಜಾರು ಜಮೀನು, ತಂಪು ಹವೆ, ಬೇರೆ ಬೆಳೆಗೆ ಅನುಕೂಲವಿಲ್ಲ. ಇಂದು ಆ ರಾಜ್ಯ ಆರೆಗನ್ ನಂತರ ದೇಶದಲ್ಲೇ ಎರಡನೆಯದು. ತಂಬಾಕಿನ ಕಾಲ ಮುಗಿಯುತ್ತಾ ಬಂದಾಗ ಎಷ್ಟೋ ಕುಟುಂಬಗಳನ್ನು ಹಿಡಿದು ನಿಲ್ಲಿಸಿದ್ದು ಈ ಮರ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಬೇರು ಕೊಳೆತ. ಅಡಿಕೆಯವರು ಇಲ್ಲಿ ಸ್ವಲ್ಪ ನಿಂತು ಓದಿ. ಫ್ರೇಸರ್ ಫರ್ ಮರವನ್ನು ಕೊಲ್ಲುವ ಆ ಶಿಲೀಂಧ್ರದಂಥ ಜೀವಿಯ ಕುಲದ ಹೆಸರು ಫೈಟಾಫ್ತೊರಾ. ನಮ್ಮ ಅಡಿಕೆಯ ಕೊಳೆರೋಗಕ್ಕೂ, ಕಾಳುಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಕಾರಣ ಇದೇ ಕುಲದ ದಾಯಾದಿಗಳು. ಅಡಿಕೆಗೆ ಬೋರ್ಡೊ ದ್ರಾವಣ ಹೊಡೆದು ಆ ವರ್ಷದ ಗೊನೆ ಉಳಿಸಿಕೊಳ್ಳಬಹುದು. ಅಲ್ಲಿ ಹಾಗಿಲ್ಲ. ನೀರು ನಿಲ್ಲುವ ಮಣ್ಣಿಗೆ ರೋಗ ಒಮ್ಮೆ ಹೊಕ್ಕರೆ ಆ ತುಂಡಿನಲ್ಲಿ ಮತ್ತೆ ಫ್ರೇಸರ್ ಬೆಳೆಸುವುದು ಬಹುತೇಕ ಮುಗಿದ ಮಾತು. ಆರನೇ ವರ್ಷದಲ್ಲಿ ಮರ ಕೆಂಪಾದರೆ ಆರು ವರ್ಷದ ಕೂಲಿ, ಗೊಬ್ಬರ, ಸವರಿದ ಬೇಸಿಗೆಗಳು ಎಲ್ಲ ಮಣ್ಣುಪಾಲು. ರೋಗ ತಡೆಯುವ ಜಪಾನಿನ ಮೋಮಿ ಫರ್ ಬೇರಿನ ಮೇಲೆ ಫ್ರೇಸರ್ ಕಸಿ ಕಟ್ಟುವವರಿದ್ದಾರೆ. ಕಸಿ ಸಸಿಗೆ ಬೆಲೆ ಹೆಚ್ಚು.

ಇಷ್ಟರ ನಡುವೆ ಪ್ಲಾಸ್ಟಿಕ್ ಮರ ಬಂತು. 1930ರ ದಶಕದಲ್ಲಿ ಬ್ರಷ್ ತಯಾರಿಸುವ ಕಂಪನಿಯೊಂದು ಕಕ್ಕಸು ಬ್ರಷ್ಷಿನ ಯಂತ್ರದಲ್ಲೇ ಹಸಿರು ಬಣ್ಣದ ಕ್ರಿಸ್‌ಮಸ್ ಮರ ತಯಾರಿಸಿತು ಎಂಬ ಮಾತಿದೆ. ಈ ಮಾತನ್ನು ಮರದ ರೈತರು ಸಂತೋಷದಿಂದಲೇ ಹೇಳುತ್ತಾರೆ! 1959ರ ನಂತರ ಕೆಲವು ವರ್ಷ ಅಲ್ಯೂಮಿನಿಯಂ ಮರದ ಹುಚ್ಚು ಹತ್ತಿತ್ತು. ಅದು ಇಳಿಯಿತು, ಪ್ಲಾಸ್ಟಿಕ್ ಉಳಿಯಿತು. ಇಂದು ಮರ ನಿಲ್ಲಿಸುವ ಅಮೆರಿಕದ ಮನೆಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಮರವನ್ನೇ ನಿಲ್ಲಿಸುತ್ತವೆ, ಅದರಲ್ಲಿ ಬಹುಪಾಲು ಚೀನಾದಿಂದ ಬಂದದ್ದು. ಒಮ್ಮೆ ಕೊಂಡರೆ ಹತ್ತು ವರ್ಷ ಆ ಗಿರಾಕಿ ರೈತನ ಕಡೆ ತಿರುಗಿ ನೋಡುವುದಿಲ್ಲ.

ಇದಕ್ಕೆ ಬೆಳೆಗಾರರು ಹೂಡಿದ ಉಪಾಯ ಜಾಹೀರಾತು. ನಮ್ಮಲ್ಲಿ ಮೊಟ್ಟೆ ತಿನ್ನಿ ಎಂದು ಟೀವಿಯಲ್ಲಿ ಬರುತ್ತಿತ್ತಲ್ಲ, ಅಂಥದ್ದು. ಮರಕ್ಕೆ 15 ಸೆಂಟ್ ವಂತಿಗೆ ಹಾಕಿ ಆ ಹಣದಲ್ಲಿ ಪ್ರಚಾರ ಮಾಡುವ ಯೋಜನೆಗೆ 2011ರ ನವೆಂಬರಿನಲ್ಲಿ ಅಲ್ಲಿನ ಕೃಷಿ ಇಲಾಖೆ ಒಪ್ಪಿತು. ಕೂಡಲೇ ‘ಕ್ರಿಸ್‌ಮಸ್ ಮರದ ಮೇಲೂ ತೆರಿಗೆ’ ಎಂದು ರಾಜಕೀಯದವರು ಕೂಗೆಬ್ಬಿಸಿದರು. ಸರ್ಕಾರ ಹೆದರಿ ನಿಲ್ಲಿಸಿತು. ವಂತಿಗೆ ಕೇಳಿದವರು ಬೆಳೆಗಾರರೇ ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2014ರ ಕೃಷಿ ಕಾನೂನು ಬಂದ ಮೇಲೆ ಅದು ಮತ್ತೆ ಜೀವ ಪಡೆಯಿತು. ವರ್ಷಕ್ಕೆ 500 ಮರದೊಳಗೆ ಮಾರುವವರಿಗೆ ವಂತಿಗೆ ಇಲ್ಲ.

ಆದರೆ ರೋಗಕ್ಕಿಂತ, ಪ್ಲಾಸ್ಟಿಕ್ಕಿಗಿಂತ ಹೆಚ್ಚು ಜನರನ್ನು ಈ ಬೆಳೆಯಿಂದ ಓಡಿಸಿದ್ದು ಬೇರೆ. ಅದು ಕಾಲದ ಅಂತರ. ಬೆಲೆ ಚೆನ್ನಾಗಿದೆ ಎಂದು ಈ ವರ್ಷ ಎಲ್ಲರೂ ನೆಡುತ್ತಾರೆ. ಆ ಮರಗಳೆಲ್ಲ ಎಂಟು ಹತ್ತು ವರ್ಷದ ಮೇಲೆ ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. ಬೆಲೆ ಬೀಳುತ್ತದೆ. ಮೆಣಸಿನಕಾಯಿಯಾದರೆ ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು, ಅಡಿಕೆಯಾದರೆ ಮಂಡಿಯಲ್ಲಿ ಬಿಟ್ಟು ಕಾಯಬಹುದು. ಕಡಿದ ಕ್ರಿಸ್‌ಮಸ್ ಮರಕ್ಕೆ ಡಿಸೆಂಬರ್ 26ರಂದು ಸೌದೆಯ ಬೆಲೆಯೂ ಇಲ್ಲ. ಕಡಿಯದೆ ಬಿಟ್ಟರೂ ಕಷ್ಟ. ಇನ್ನೆರಡು ವರ್ಷದಲ್ಲಿ ಅದು ಮನೆಯ ಮಾಡಿಗಿಂತ ಎತ್ತರವಾಗುತ್ತದೆ, ಆಮೇಲೆ ಯಾರಿಗೂ ಬೇಡ.

2000ದ ದಶಕದಲ್ಲಿ ಹೀಗೇ ಆಯಿತು. ತೊಂಬತ್ತರ ದಶಕದಲ್ಲಿ ನೆಟ್ಟದ್ದು ಮಾರುಕಟ್ಟೆ ತುಂಬಿ ಹರಿಯಿತು, ಅದರ ಮೇಲೆ 2008ರ ಆರ್ಥಿಕ ಕುಸಿತ. ಸಾವಿರಾರು ಜನ ಬೆಳೆ ಬಿಟ್ಟರು. ಉಳಿದವರು ನೆಡುವುದನ್ನು ಕಡಿಮೆ ಮಾಡಿದರು. 2002ರ ಅಲ್ಲಿನ ಕೃಷಿ ಗಣತಿಯಲ್ಲಿ ಈ ಬೆಳೆಯ ಸುಮಾರು 22 ಸಾವಿರ ಜಮೀನುಗಳಿದ್ದವು. 2017ರ ಹೊತ್ತಿಗೆ 15 ಸಾವಿರಕ್ಕೆ ಇಳಿದವು, ವಿಸ್ತೀರ್ಣ ಸುಮಾರು 4.5 ಲಕ್ಷ ಎಕರೆಯಿಂದ 3 ಲಕ್ಷ ಎಕರೆಯ ಒಳಕ್ಕೆ ಬಂತು. 2008ರಲ್ಲಿ ನೆಡದೆ ಬಿಟ್ಟ ಮರ 2016, 17ರಲ್ಲಿ ಇಲ್ಲದ ಮರವಾಗಿ ಕಾಣಿಸಿತು. ಕೊರತೆ ಬಂತು, ಗಿರಾಕಿ ಕೊಡುವ ಬೆಲೆ ಹತ್ತು ವರ್ಷದ ಹಿಂದಿನದರ ಸುಮಾರು ದುಪ್ಪಟ್ಟಾಗಿ 70 ಡಾಲರ್ ದಾಟಿತು. ಆ ಬೆಲೆ ಸಿಕ್ಕಿದ್ದು ಕೆಟ್ಟ ಕಾಲದಲ್ಲೂ ನೆಡುವುದನ್ನು ನಿಲ್ಲಿಸದೆ ಇದ್ದವರಿಗೆ. ವೆನಿಲ್ಲಾದ ಕಾಲ ನೆನಪಿರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸಣ್ಣ ಹಿಡುವಳಿಯವನಿಗೆ ಇದು ಗಿಟ್ಟುತ್ತದೆಯೆ? ನಾವೇ ಒಂದು ಲೆಕ್ಕ ಹಾಕಿ ನೋಡಿದೆವು. ಆರು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 1,210 ಸಸಿ. ವಿಡಿಯೊದವರಾದರೆ ಇದನ್ನು 70 ಡಾಲರಿಗೆ ಗುಣಿಸಿ 84,700 ಡಾಲರ್ ಎಂದು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಆದರೆ ಪ್ರತಿ ವರ್ಷ ಆದಾಯ ಬೇಕಾದರೆ ಎಕರೆಯನ್ನು ಎಂಟು ತುಂಡು ಮಾಡಿ, ಅಂದರೆ ಐದೈದು ಗುಂಟೆ, ವರ್ಷಕ್ಕೊಂದು ತುಂಡು ನೆಡಬೇಕು. ಆಗ ವರ್ಷಕ್ಕೆ ಕಡಿಯಲು ಸಿಗುವುದು 150 ಮರ. ಸತ್ತದ್ದು, ಸೊಟ್ಟಗಾದದ್ದು, ಜಿಂಕೆ ತಿಂದದ್ದು ಎಂದು 30 ಬಿಡಿ. 120 ಮರ, 8,400 ಡಾಲರ್. ಅದೂ ಎಲ್ಲವನ್ನೂ ತಾನೇ ಚಿಲ್ಲರೆ ಬೆಲೆಗೆ ಮಾರಿದರೆ, ಖರ್ಚು ಕಳೆಯುವ ಮೊದಲು, ಎಂಟನೇ ವರ್ಷದ ನಂತರ. ಅದೇ ಕಾಲದಲ್ಲಿ ಅಲ್ಲಿನ ಸಾಧಾರಣ ಕುಟುಂಬದ ವರ್ಷದ ಆದಾಯ 60 ಸಾವಿರ ಡಾಲರಿನ ಆಸುಪಾಸು. ಏಳೆಂಟು ಎಕರೆ ಇದ್ದರೂ ಖರ್ಚು ಕಳೆದರೆ ಆ ಮಟ್ಟ ಮುಟ್ಟುವುದಿಲ್ಲ. ದೊಡ್ಡ ಅಂಗಡಿಗಳ ಸರಪಳಿಗೆ ಸಗಟಾಗಿ ಕೊಟ್ಟರೆ ಇನ್ನೂ ಕಡಿಮೆ. ಆ ಆಟ ನೂರಾರು ಎಕರೆಯವರದ್ದು. ಆರೆಗನ್ನಿನಲ್ಲಿ ಕಡಿದ ಮರದ ಕಟ್ಟುಗಳನ್ನು ಹೆಲಿಕಾಪ್ಟರ್‌ನಿಂದ ಎತ್ತಿ ಲಾರಿಯ ಬಳಿ ಇಳಿಸುತ್ತಾರೆ.

ಸಣ್ಣವರು ಉಳಿದುಕೊಂಡ ದಾರಿ ಬೇರೆ. ಅವರು ಮರವನ್ನು ಪೇಟೆಗೆ ಒಯ್ಯುವುದಿಲ್ಲ, ಪೇಟೆಯನ್ನೇ ಹೊಲಕ್ಕೆ ಕರೆಯುತ್ತಾರೆ. ಮಕ್ಕಳು ಮರಿ ಸಮೇತ ಜನ ಕಾರಿನಲ್ಲಿ ಬಂದು, ಗರಗಸ ಹಿಡಿದು ತಮ್ಮ ಮರವನ್ನು ತಾವೇ ಕಡಿದುಕೊಳ್ಳುತ್ತಾರೆ. ಕಡಿಯುವ ಕೂಲಿ ಉಳಿಯಿತು, ಸಾಗಣೆ ಉಳಿಯಿತು, ದಲ್ಲಾಳಿ ತಪ್ಪಿದ. ಜೊತೆಗೆ ಹುಲ್ಲಿನ ಗಾಡಿಯಲ್ಲಿ ಒಂದು ಸುತ್ತು, ಬಿಸಿ ಸೇಬಿನ ರಸ, ಸವರಿದ ಕೊಂಬೆಗಳಿಂದ ಬಾಗಿಲಿಗೆ ಹಾಕುವ ಹಸಿರು ಬಳೆ. ಕೆಲವು ಕಡೆ ಈ ಪಕ್ಕದ ವ್ಯಾಪಾರವೇ ಮರದಷ್ಟು ದುಡ್ಡು ತರುತ್ತದೆ. ಹರ್ಮನ್ ಶೂನೆಮನ್ ಹಡಗಿನ ಮೇಲೆ ಮಾಡಿದ್ದನ್ನೇ ಇವರು ನೆಲದ ಮೇಲೆ ಮಾಡುತ್ತಿದ್ದಾರೆ. ಇದಕ್ಕೆ ಎರಡು ಷರತ್ತು: ಪಟ್ಟಣ ಹತ್ತಿರ ಇರಬೇಕು, ಮನೆಯಲ್ಲಿ ಇನ್ನೊಂದು ಸಂಬಳ ಇರಬೇಕು. ಹೆಚ್ಚಿನವರಿಗೆ ಇದು ಬಿಡುವಿನ ದುಡಿಮೆ, ಗಂಡನೋ ಹೆಂಡತಿಯೋ ಬೇರೆ ಕೆಲಸಕ್ಕೆ ಹೋಗುತ್ತಾರೆ. ಆ ಮಿತಿಯೊಳಗೆ ಲಾಭ ಇದೆ ಎನ್ನುವುದು ನಮ್ಮ ಅಭಿಪ್ರಾಯ. ಸಾಲ ತಂದು ನೆಟ್ಟವನಿಗೆ ಇಲ್ಲ. ಬಡ್ಡಿ ತಿಂಗಳು ತಿಂಗಳು ಬೆಳೆಯುತ್ತದೆ, ಮರ ವರ್ಷಕ್ಕೊಂದು ಅಡಿ.

ಇನ್ನು ಹವೆ. 2021ರ ಜೂನ್ ಕೊನೆಯಲ್ಲಿ ಆರೆಗನ್ನಿಗೆ ಹಿಂದೆಂದೂ ಕಾಣದ ಬಿಸಿಗಾಳಿ ಬಂದು ಎಳೆಯ ಸಸಿಗಳು ನಿಂತಲ್ಲೇ ಸುಟ್ಟವು. ಅದರ ಪೆಟ್ಟು ಮಾರುಕಟ್ಟೆಗೆ ಕಾಣುವುದು 2030ರ ಸುಮಾರಿಗೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ನಾರ್ತ್ ಕೆರೊಲಿನಾದ ಬೆಟ್ಟಗಳು ಜರಿದವು. ಹಬ್ಬಕ್ಕೆ ಮೂರು ತಿಂಗಳಷ್ಟೇ ಇತ್ತು. ಎಷ್ಟೋ ಕಡೆ ಮರ ನಿಂತಿತ್ತು, ಲಾರಿ ಹೋಗುವ ರಸ್ತೆ ಇರಲಿಲ್ಲ.

ನಮ್ಮಲ್ಲಿ ಬೆಳೆಯಬಹುದೆ ಎಂದು ಕೇಳುವವರಿಗೆ: ಫರ್ ಮತ್ತು ಸ್ಪ್ರೂಸ್‌ಗೆ ಹಿಮ ಬೀಳುವ ಚಳಿಗಾಲ ಬೇಕು, ಕರ್ನಾಟಕದಲ್ಲಿ ಅದು ಇಲ್ಲ. ಬೆಂಗಳೂರಿನ ನರ್ಸರಿಗಳಲ್ಲಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಟ್ರೀ ಎಂದು ಕುಂಡದಲ್ಲಿ ಮಾರುವುದು ಅರಕೇರಿಯಾ ಎಂಬ ಬೇರೆಯೇ ಗಿಡ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಗೋದಲಿಗೇ ಹೆಚ್ಚು ಮಹತ್ವ. ಅದರ ಪಕ್ಕಕ್ಕೆ ಮರ ಬೇಕೆಂದರೆ ಗಾಳಿಮರದ ಕೊಂಬೆ ಸಿಕ್ಕಿಸುವುದು ಹಳೆಯ ರೂಢಿ. ಬಯಲುಸೀಮೆಯವರು ಸರ್ವೆ ಮರ ಎನ್ನುತ್ತಾರಲ್ಲ, ಅದೇ. ಅದೂ ಹೊರಗಿನಿಂದ ಬಂದದ್ದೇ. ಭಾರತದಲ್ಲಿ ಅದನ್ನು ಮೊದಲು ನೆಡಿಸಿದ್ದು 1868ರ ಸುಮಾರಿಗೆ ಕಾರವಾರದ ಕಡಲತೀರದಲ್ಲಿ ಎಂದು ಅರಣ್ಯದ ಪುಸ್ತಕಗಳು ಹೇಳುತ್ತವೆ. ಇಂದು ಅದನ್ನು ನಾಲ್ಕೈದು ವರ್ಷಕ್ಕೆ ಕಡಿದು, ಸಾರುವೆಯ ಕಂಬಕ್ಕೂ ಕಾಗದದ ಕಾರ್ಖಾನೆಗೂ ಮಾರುತ್ತಾರೆ. ಕೊಳ್ಳುವವರು ವರ್ಷದ ಯಾವ ತಿಂಗಳಾದರೂ ಬರುತ್ತಾರೆ. ಕ್ರಿಸ್‌ಮಸ್‌ಗೆ ಹೋಗುವ ಕೊಂಬೆಗೆ ಸಾಮಾನ್ಯವಾಗಿ ಯಾರೂ ದುಡ್ಡು ಕೇಳುವುದಿಲ್ಲ.